ಮಳೆಗಾಲದ ಬಾಣಂತನ: ಕೂಸಿಗೆ ಎಷ್ಟು ಬಟ್ಟೆ, ಎಂಥ ಬಟ್ಟೆ?

ಪ್ರಶ್ನೆ: ನನಗೆ ಈಗ ಏಳು ತಿಂಗಳು ತುಂಬಿದೆ. ಬೆಂಗಳೂರಿನಲ್ಲಿ ಕೆಲಸ. ಜುಲೈ ಕೊನೆಯ ವಾರಕ್ಕೆ ಹೆರಿಗೆಯ ದಿನ ಕೊಟ್ಟಿದ್ದಾರೆ. ಬಾಣಂತನ ತೀರ್ಥಹಳ್ಳಿ ಸಮೀಪದ ತವರಿನಲ್ಲಿ, ಅಡಿಕೆ ತೋಟದ ಮನೆ. ಮಗುವಿಗೆ ಬಟ್ಟೆಯ ಡೈಪರನ್ನೇ ಬಳಸಬೇಕೆಂದು ನನ್ನ ಆಸೆ. ಗೆಳತಿಯೊಬ್ಬಳು ಕಳಿಸಿದ ಪಟ್ಟಿಯಲ್ಲಿ 36 ಪಾಕೆಟ್ ಡೈಪರ್ (ಒಳಗೆ ಹೀರುಪಟ್ಟಿ ತೂರಿಸಿ, ಒಗೆದು ಮತ್ತೆ ಬಳಸುವಂಥವು), 12 ಜೊತೆ ಕೈಗವಸು, ಇನ್ನೂ ಏನೇನೋ ಇವೆ. ಅಮ್ಮ "ಹಳೆ ಸೀರೆ, ಅಪ್ಪನ ಪಂಚೆ ಸಾಕು, ಟ್ರಂಕಿನಲ್ಲಿ ಬೇಕಾದಷ್ಟಿದೆ" ಎನ್ನುತ್ತಾರೆ. ಅತ್ತೆಯವರು "ಹುಟ್ಟುವ ಮೊದಲು ಮಗುವಿಗೆ ಏನೂ ತರಬಾರದು" ಎನ್ನುತ್ತಾರೆ. ಆ ಮಳೆಯಲ್ಲಿ ಬಟ್ಟೆ ಒಣಗುವುದಾದರೂ ಹೇಗೆ? ನಾನು ಏನನ್ನು, ಎಷ್ಟು ಸಿದ್ಧ ಮಾಡಿಕೊಳ್ಳಲಿ?

ಉತ್ತರ: ನಿಮ್ಮ ಪತ್ರದ ಕೊನೆಯಲ್ಲಿ ಬಂದಿರುವ ಪ್ರಶ್ನೆಯೇ ಮೊದಲು ಬರಬೇಕಾದದ್ದು. ಆ ಮಳೆಯಲ್ಲಿ ಬಟ್ಟೆ ಒಣಗುವುದು ಹೇಗೆ ಎಂಬುದು ಇತ್ಯರ್ಥವಾದರೆ ಎಷ್ಟು ಬೇಕು, ಎಂಥದ್ದು ಬೇಕು, ಯಾವುದನ್ನು ಕೊಳ್ಳಬೇಕು ಎಂಬ ಉಳಿದೆಲ್ಲ ಪ್ರಶ್ನೆಗಳಿಗೂ ಉತ್ತರ ತಾನಾಗಿ ಸಿಗುತ್ತದೆ. ಗೆಳತಿಯ ಪಟ್ಟಿ ಬೆಂಗಳೂರಿನ ಬಾಲ್ಕನಿಗೆ ಸರಿಯಿರಬಹುದು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ನಿಮ್ಮ ತವರಿನ ಮಗ್ಗುಲಲ್ಲೇ ಇದೆ. ಅಲ್ಲಿನ ಜುಲೈ, ಆಗಸ್ಟ್ ತಿಂಗಳ ಲೆಕ್ಕ ಬೇರೆ.

ಹೀಗೆ ಲೆಕ್ಕ ಹಾಕಿ. ಹುಟ್ಟಿದ ಮೊದಲೆರಡು ದಿನ ಮಗು ಉಚ್ಚೆ ಮಾಡುವುದು ಕಡಿಮೆ. ವಾರ ತುಂಬುವ ಹೊತ್ತಿಗೆ, ತಾಯಿಯ ಹಾಲು ಚೆನ್ನಾಗಿ ಇಳಿದ ಮೇಲೆ, ದಿನಕ್ಕೆ 12ರಿಂದ 16 ಸಲ ಲಂಗೋಟಿ ಬದಲಿಸಬೇಕಾಗುತ್ತದೆ. ಬಿಸಿಲಿರುವ ಊರಿನಲ್ಲಿ ಬೆಳಿಗ್ಗೆ ಒಗೆದದ್ದು ಮಧ್ಯಾಹ್ನಕ್ಕೆ ಮಡಿಸಲು ಸಿಗುತ್ತದೆ. ಏಪ್ರಿಲ್‌ನಲ್ಲಿ ರಾಯಚೂರಿನ ಬಾಣಂತಿಗೆ 20–24 ಲಂಗೋಟಿ ಧಾರಾಳ. ನಿಮ್ಮಲ್ಲಿ ಒಗೆದ ಬಟ್ಟೆ ಪೂರ್ತಿ ಒಣಗಲು ಎರಡು ದಿನ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಒಂದು ದಿನದ್ದು ಬಳಕೆಯಲ್ಲಿ, ಎರಡು ದಿನದ್ದು ಹಗ್ಗದ ಮೇಲೆ. ಹದಿನಾರರ ಮೂರು ಪಾಲು, ಅಂದರೆ 48. ಸಂಖ್ಯೆ ದೊಡ್ಡದಾಗಿ ಕಂಡು ಗಾಬರಿಯಾಗಬೇಡಿ. ಇದರಲ್ಲಿ ಒಂದನ್ನೂ ಅಂಗಡಿಯಿಂದ ತರಬೇಕಿಲ್ಲ. ಐದೂವರೆ ಮೀಟರಿನ ಒಂದು ಹತ್ತಿ ಸೀರೆಯ ಸೆರಗನ್ನೂ ಅಂಚನ್ನೂ ತೆಗೆದರೆ ಸುಮಾರು 55 ಸೆಂಟಿಮೀಟರಿನ 18 ಚೌಕಗಳು ಸಿಗುತ್ತವೆ. ಎಂಟು ಮೊಳದ ಪಂಚೆಯಲ್ಲಿ 12. ಎರಡು ಸೀರೆ, ಒಂದು ಪಂಚೆ: ಅಲ್ಲಿಗೆ 48 ಆಯಿತು. ಅಮ್ಮ ಹೇಳಿದ್ದು ಸರಿ.

ಅಮ್ಮನ ಮಾತನ್ನು ನಾನು ಒಪ್ಪುವುದು ಅದು ಹಳೆಯ ಪದ್ಧತಿ ಎಂಬ ಕಾರಣಕ್ಕಲ್ಲ. ಒಂದೇ ಪದರದ ತೆಳು ಬಟ್ಟೆ ಮಳೆಗಾಲದಲ್ಲಿ ಒಣಗುತ್ತದೆ, ಹಲವು ಪದರ ಸೇರಿಸಿ ಹೊಲಿದ ದಪ್ಪ ಪ್ಯಾಡು ಒಣಗುವುದಿಲ್ಲ. ಪಾಕೆಟ್ ಡೈಪರಿನೊಳಗೆ ಇಡುವ ಹೀರುಪಟ್ಟಿಯನ್ನು ಜಡಿಮಳೆಯ ದಿನ ಒಗೆದು ಹಾಕಿ ನೋಡಿ: ಮೂರನೆಯ ದಿನವೂ ಹೊಲಿಗೆಯ ಹತ್ತಿರ ತಣ್ಣಗೆ ತೇವ ಉಳಿದಿರುತ್ತದೆ, ಮುಗ್ಗಲು ವಾಸನೆ ಶುರುವಾಗಿರುತ್ತದೆ. ಸೀರೆಯ ಚೌಕವನ್ನು ಬಳಸುವಾಗ ನಾಲ್ಕು ಪದರ ಮಡಿಸುತ್ತೀರಿ, ಒಣಹಾಕುವಾಗ ಬಿಡಿಸಿ ಒಂದೇ ಪದರ ಮಾಡುತ್ತೀರಿ. ಇದಕ್ಕಿಂತ ಜಾಣತನದ ವಿನ್ಯಾಸ ಇನ್ನೂ ಅಂಗಡಿಗೆ ಬಂದಿಲ್ಲ.

ಆದರೆ ಟ್ರಂಕಿನಲ್ಲಿರುವ ಎಲ್ಲ ಸೀರೆಯೂ ಹತ್ತಿಯದಲ್ಲ. ಎಷ್ಟೋ "ಕಾಟನ್" ಸೀರೆಗಳಲ್ಲಿ ಪಾಲಿಯೆಸ್ಟರ್ ನೂಲು ಬೆರೆತಿರುತ್ತದೆ. ಅಂಥ ಬಟ್ಟೆ ಉಚ್ಚೆಯನ್ನು ಹೀರುವುದಿಲ್ಲ. ಮೇಲಿಂದ ಜಾರಿಸಿ ಹಾಸಿಗೆಗೆ ಇಳಿಸುತ್ತದೆ, ಮಗುವಿನ ಚರ್ಮ ಒದ್ದೆಯಾಗಿಯೇ ಉಳಿಯುತ್ತದೆ. ಅಂಚಿನಿಂದ ಎರಡು ನೂಲು ಕಿತ್ತು ಬೆಂಕಿಕಡ್ಡಿ ತೋರಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಕರಗಿ, ತುದಿಯಲ್ಲಿ ಗಟ್ಟಿ ಕಪ್ಪು ಮಣಿ ಕಟ್ಟಿಕೊಳ್ಳುತ್ತದೆ. ಅದನ್ನು ಪಕ್ಕಕ್ಕಿಡಿ. ಹೊಸ ಬಟ್ಟೆ ಬೇಡವೆನ್ನುವುದಕ್ಕೂ ಕಾರಣವಿದೆ. ಹೊಸ ಹತ್ತಿ ಬಟ್ಟೆಗೆ ಗಂಜಿ ಹಾಕಿರುತ್ತಾರೆ. ನಾಲ್ಕಾರು ಸಲ ಬಿಸಿನೀರಿನಲ್ಲಿ ಒಗೆಯುವವರೆಗೂ ಅದು ನೀರನ್ನು ಸರಿಯಾಗಿ ಹೀರುವುದಿಲ್ಲ. ವರ್ಷಗಟ್ಟಲೆ ಒಗೆದು ಸವೆದ ಪಂಚೆ ಮೊದಲ ದಿನದಿಂದಲೇ ಹೀರುತ್ತದೆ. ಬಣ್ಣ ಬಿಡುವ ಗಾಢ ಬಣ್ಣದ ಸೀರೆ ಬೇಡ, ತಿಳಿಬಣ್ಣದ್ದು ಅಥವಾ ಬಿಳಿಯದು ಇರಲಿ. ಬಿಳಿ ಯಾಕೆ ಬೇಕೆಂದು ಮುಂದೆ ಹೇಳುತ್ತೇನೆ. ಕತ್ತರಿಸಿದ ಅಂಚನ್ನು ತೆಳುವಾಗಿ ಮಡಿಸಿ ಒಂದು ಹೊಲಿಗೆ ಹಾಕಿಸಿ. ಹರಿದು ಹಾಗೆಯೇ ಬಳಸಿದರೆ ಎಳೆಗಳು ಬಿಡುತ್ತವೆ. ಒಂದೇ ಒಂದು ಎಳೆ ಮಗುವಿನ ಕಾಲ್ಬೆರಳಿಗೋ ಶಿಶ್ನಕ್ಕೋ ಸುತ್ತಿಕೊಂಡು ಬಿಗಿದರೆ ರಕ್ತ ಸಂಚಾರ ನಿಂತು ಆ ಭಾಗ ಊದಿಕೊಳ್ಳುತ್ತದೆ. ಮಗು ಕಾರಣವಿಲ್ಲದೆ ಒಂದೇ ಸಮನೆ ಅಳುತ್ತಿದ್ದರೆ ಬಟ್ಟೆ ಬಿಚ್ಚಿ ಬೆರಳುಗಳನ್ನು ಒಂದೊಂದಾಗಿ ನೋಡಿ ಎಂದು ನಾವು ಡಾಕ್ಟರುಗಳು ಹೇಳುವುದು ಇದಕ್ಕೇ.

ಈಗ ಟ್ರಂಕಿನ ಇನ್ನೊಂದು ವಿಷಯ. ಈ ಪತ್ರದಲ್ಲಿ ನೀವು ಒಂದೇ ಒಂದು ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದು ಅದಾಗಿರಲಿ. ಆ ಸೀರೆಗಳ ನಡುವೆ ನುಸಿಗುಳಿಗೆ ಇಟ್ಟಿದ್ದಾರೆಯೇ? ಡಾಂಬರು ಗುಳಿಗೆ ಎಂದು ಕರೆಯುವ ಆ ಬಿಳಿ ಉಂಡೆಗಳಲ್ಲಿ ಇರುವುದು ನ್ಯಾಫ್ತಲೀನ್. ಅದರ ಆವಿ ಉಸಿರಿನ ಮೂಲಕವೂ ಚರ್ಮದ ಮೂಲಕವೂ ಕೂಸಿನ ಮೈಸೇರುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆದುಹಾಕುತ್ತದೆ. ಕಾಮಾಲೆ ಒಮ್ಮೆಲೇ ಏರುತ್ತದೆ. ಬಿಲಿರುಬಿನ್ ಎಂಬ ಕಾಮಾಲೆಯ ಹಳದಿ ವಸ್ತು ಹೀಗೆ ಏರಿ ಮೆದುಳಿಗೆ ಹೊಕ್ಕರೆ ಆದ ಹಾನಿಯನ್ನು ಸರಿಪಡಿಸಲಾಗದು. ಈ ಕೊರತೆ ಗಂಡುಮಕ್ಕಳಲ್ಲಿ ಹೆಚ್ಚು. ಹುಟ್ಟಿದ ಕೂಡಲೇ ಪರೀಕ್ಷೆ ಮಾಡಿಸದಿದ್ದರೆ ಯಾವ ಮಗುವಿಗೆ ಅದು ಇದೆ, ಯಾವುದಕ್ಕೆ ಇಲ್ಲ ಎಂದು ನೋಡಿ ಹೇಳಲಾಗುವುದಿಲ್ಲ. ನಮ್ಮ ಮನೆಗಳಲ್ಲಿ ಕೂಸಿಗೆ ಎಣ್ಣೆ ಹಚ್ಚಿ, ಸ್ನಾನ ಮಾಡಿಸಿ, ಆಮೇಲೆ ಅಜ್ಜಿಯ ಟ್ರಂಕಿನಿಂದ ತೆಗೆದ ಶಾಲಿನಲ್ಲಿ ಸುತ್ತುವ ರೂಢಿಯಿದೆ. ಎಣ್ಣೆ ಸವರಿದ ಚರ್ಮ ನ್ಯಾಫ್ತಲೀನನ್ನು ಇನ್ನೂ ಸುಲಭವಾಗಿ ಹೀರುತ್ತದೆ. ಅಷ್ಟು ಅಕ್ಕರೆಯಿಂದ ಸುತ್ತಿದ ಬಟ್ಟೆಯೇ ಮಗುವಿಗೆ ಮುಳುವಾಗಬಾರದಲ್ಲವೇ?

ಆದ್ದರಿಂದ ಇವತ್ತೇ ಅಮ್ಮನಿಗೆ ಫೋನ್ ಮಾಡಿ. ಗುಳಿಗೆ ಹಾಕಿದ ಪೆಟ್ಟಿಗೆಯ ಬಟ್ಟೆ ಮಗುವಿಗೆ ಬೇಡವೇ ಬೇಡ. ಬೇರೆ ಕಪಾಟಿನಲ್ಲಿರುವ, ದಿನಬಳಕೆಯ ಸೀರೆ ಪಂಚೆಗಳನ್ನು ಆರಿಸಲಿ. ಒಗೆಯಲಾಗದ ಉಣ್ಣೆಯ ಶಾಲು, ಹಳೆಯ ಸ್ವೆಟರ್, ಹಾಸಿಗೆಗಳನ್ನು ಬಾಣಂತಿ ಕೋಣೆಗೆ ತರುವುದೂ ಬೇಡ. ಮಗುವಿನ ಬಟ್ಟೆ ಎತ್ತಿಡಲು ಒಣಗಿದ ಬೇವಿನ ಸೊಪ್ಪೋ ಲಾವಂಚದ ಬೇರೋ ಸಾಕು. ನೀವು ಬರೆದಿರುವುದು ಮಳೆ ಹಿಡಿಯುವ ಮುನ್ನ. ಇದೇ ನಿಮ್ಮ ಭಾಗ್ಯ. ಆರಿಸಿದ ಬಟ್ಟೆಯನ್ನೆಲ್ಲ ಜೂನ್ ಬರುವುದರೊಳಗೆ ಬಿಸಿನೀರಿನಲ್ಲಿ ಒಗೆದು, ಅಂಗಳದ ಖಾರ ಬಿಸಿಲಿನಲ್ಲಿ ಎರಡು ಮೂರು ದಿನ ಒಣಗಿಸಿ, ಮುಚ್ಚಳ ಭದ್ರವಾಗಿರುವ ಡಬ್ಬಿಯಲ್ಲಿ ತುಂಬಿಡಲಿ. ಅಂಗಳದಲ್ಲಿ ನುಗ್ಗೆ ಮರವಿದ್ದರೆ ಅದರ ಕೆಳಗೆ ಹಗ್ಗ ಕಟ್ಟಬೇಡಿ. ಕಂಬಳಿಹುಳುವಿನ ರೋಮ ಬಟ್ಟೆಗೆ ಅಂಟಿದರೆ ಕಣ್ಣಿಗೆ ಕಾಣುವುದಿಲ್ಲ, ಕೂಸಿನ ಮೈಯೆಲ್ಲ ದದ್ದು ಏಳುತ್ತದೆ.

ಇನ್ನು ಒಗೆಯುವುದು. ಹಾಲು ಕುಡಿಯುವ ಮಗುವಿನ ಕಕ್ಕ ನೀರಿನಲ್ಲಿ ಸುಲಭವಾಗಿ ಹೋಗುತ್ತದೆ, ಆದರೆ ಮೊದಲು ತಣ್ಣೀರಿನಲ್ಲಿ. ಆರಂಭದಲ್ಲೇ ಬಿಸಿನೀರು ಹಾಕಿದರೆ ಕಲೆ ಬಟ್ಟೆಯಲ್ಲಿ ಕಚ್ಚಿಕೊಳ್ಳುತ್ತದೆ. ನಲ್ಲಿಯ ಕೆಳಗೆ ಜಾಲಿಸಿ, ಉಚ್ಚೆಯ ಬಟ್ಟೆಗಳ ಜೊತೆ ಬಕೆಟ್ಟಿನಲ್ಲಿ ನೆನೆಹಾಕಿ, ದಿನಕ್ಕೊಮ್ಮೆ ಬಿಸಿನೀರು ಮತ್ತು ಸ್ವಲ್ಪ ಡಿಟರ್ಜೆಂಟಿನಲ್ಲಿ ಒಗೆದು, ನೊರೆ ಪೂರ್ತಿ ಹೋಗುವವರೆಗೆ ಎರಡು ಮೂರು ನೀರಿನಲ್ಲಿ ಹಿಂಡಬೇಕು. ಮಗುವಿನ ಚರ್ಮ ಕೆಂಪಾಗುವುದು ಉಚ್ಚೆಯಿಂದ ಮಾತ್ರವಲ್ಲ, ಬಟ್ಟೆಯಲ್ಲಿ ಉಳಿದ ಸೋಪಿನಿಂದಲೂ. ಕೊನೆಯ ನೀರಿಗೆ ಡೆಟಾಲ್ ಹನಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಅದು ಎಳೆಯ ಚರ್ಮವನ್ನು ಕೆರಳಿಸುತ್ತದೆ. ಕಂಫರ್ಟ್‌ನಂಥ ಮೆದುಕಾರಕ ದ್ರವವೂ ಬೇಡ. ಅದು ಬಟ್ಟೆಯ ಎಳೆಗೆ ಜಿಡ್ಡಿನ ಪದರ ಕಟ್ಟಿ ಹೀರುವ ಗುಣವನ್ನೇ ಕೆಡಿಸುತ್ತದೆ.

ನಿಮ್ಮ ತವರಿನ ಬಾವಿ ನೀರು ಮೆದುವಾಗಿರುತ್ತದೆ, ಯಾವ ಸೋಪಾದರೂ ನಡೆಯುತ್ತದೆ. ಮುಂದೆ ಬೆಂಗಳೂರಿಗೆ ಹೋದಾಗ, ಅಪಾರ್ಟ್‌ಮೆಂಟಿನಲ್ಲಿ ಕೊಳವೆಬಾವಿಯ ಗಡಸು ನೀರಾದರೆ, ಬಾರ್ ಸೋಪು ಬೇಡ. ನೀರಿನ ಸುಣ್ಣದ ಅಂಶವೂ ಸೋಪೂ ಕೂಡಿ ಬಟ್ಟೆಯಲ್ಲಿ ಬಿಳಿ ಗಸಿಯಾಗಿ ಕೂರುತ್ತವೆ. ಒಂದೆರಡು ತಿಂಗಳಲ್ಲಿ ಲಂಗೋಟಿ ರಟ್ಟಿನಷ್ಟು ಬಿರುಸಾಗುತ್ತದೆ. ಸಂಶಯ ಬಂದರೆ ಒಣಗಿದ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಕೂಡಲೇ ಹರಡಿ ಇಂಗಿದರೆ ಬಟ್ಟೆ ಸರಿಯಿದೆ. ಹನಿ ಗುಂಡಗೆ ಮೇಲೆಯೇ ನಿಂತರೆ ಒಳಗೆ ಜಿಡ್ಡೋ ಗಸಿಯೋ ಕೂತಿದೆ. ಸೋಪು ಹಾಕದೆ ಬರೀ ಬಿಸಿನೀರಿನಲ್ಲಿ ನೆನೆಸಿ, ನೊರೆ ಬರುವುದು ನಿಲ್ಲುವವರೆಗೂ ಹಿಂಡಬೇಕು.

ನಿಮ್ಮದು ತೋಟದ ಮನೆ ಎಂದಿರಿ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಸಿಂಪಡಿಸುವ ಕೆಲಸ ನಡೆಯುತ್ತದೆ. ಮೊದಲ ಸಿಂಪರಣೆ ಮಳೆ ಹಿಡಿಯುವ ಹೊತ್ತಿಗೆ, ಎರಡನೆಯದು ಸುಮಾರು 40–45 ದಿನಗಳ ನಂತರ, ಅಂದರೆ ಸರಿಯಾಗಿ ನಿಮ್ಮ ಹೆರಿಗೆಯ ಆಸುಪಾಸಿನಲ್ಲಿ. ಮೈಲುತುತ್ತ ಮೆತ್ತಿದ ಆ ಬಟ್ಟೆಗಳು ಮಗುವಿನ ಬಟ್ಟೆಯ ಬಕೆಟ್ಟಿಗೆ, ಕಲ್ಲಿಗೆ, ಮಷೀನಿಗೆ ಬೀಳಬಾರದು. ಮಗುವಿಗೆಂದು ಎರಡು ಬಕೆಟ್ಟು ಬೇರೆ ಇಟ್ಟುಬಿಡಿ.

ಒಣಗಿಸುವ ಮಾತಿಗೆ ಬರೋಣ. ಮಲೆನಾಡಿನ ಮನೆಗಳಲ್ಲಿ ಬಚ್ಚಲೊಲೆಯ ಮೇಲೆ ಗಳ ಕಟ್ಟಿ ಬಟ್ಟೆ ಹರವುವುದು ಎಲ್ಲರಿಗೂ ಗೊತ್ತು. ದೊಡ್ಡವರ ಬಟ್ಟೆಗೆ ಅದು ಸರಿ. ಮಗುವಿನ ಬಟ್ಟೆಗೆ ಹೊಗೆ ಹಿಡಿಯುತ್ತದೆ, ಆ ಬಟ್ಟೆ ಹಗಲಿರುಳೂ ಅದರ ಮೈಗೇ ಅಂಟಿಕೊಂಡಿರುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬಾಣಂತಿ ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಟ್ಟೆ ಒಣಗಿಸುವುದು, ಮಂಚದ ಕೆಳಗೆ ಕೆಂಡ ಇಡುವುದು. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಹೊಮ್ಮುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಾಯಿ ಮಗು ಇಬ್ಬರೂ ನಿದ್ದೆಯಲ್ಲೇ ಹೋಗಬಹುದು. ಸಾಂಬ್ರಾಣಿ ಹೊಗೆಯನ್ನು ಬಟ್ಟೆಗೂ ಕೂಸಿನ ತಲೆಗೂ ಹಿಡಿಯುವುದು ಅಷ್ಟು ಮಾರಕವಲ್ಲದಿದ್ದರೂ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಈ ವಿಷಯದಲ್ಲಿ ಹಿರಿಯರ ಮನಸ್ಸು ನೋಯದಂತೆ, ಆದರೆ ಗಟ್ಟಿಯಾಗಿ, "ಡಾಕ್ಟರು ಬೇಡ ಎಂದಿದ್ದಾರೆ" ಎಂದುಬಿಡಿ. ನನ್ನ ಹೆಸರಿಗೆ ಹಾಕಿ, ತೊಂದರೆಯಿಲ್ಲ.

ಹಾಗಾದರೆ ದಾರಿ? ಕೈಯಿಂದ ಹಿಂಡಿದ ಬಟ್ಟೆಯಲ್ಲಿ ಉಳಿಯುವ ನೀರಿಗೂ ಮಷೀನು ತಿರುಗಿಸಿ ಹಿಂಡಿದ ಬಟ್ಟೆಯಲ್ಲಿ ಉಳಿಯುವ ನೀರಿಗೂ ಅಜಗಜಾಂತರ. ಗೆಳತಿಯ ಪಟ್ಟಿಯ 36 ಡೈಪರಿಗೆ ಕೊಡುವ ದುಡ್ಡು ಕೈಯಲ್ಲಿದ್ದರೆ, ತವರಿಗೆ ಒಂದು ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮಷೀನಿಗೆ ಅದನ್ನು ಸೇರಿಸಿ. ಸ್ಪಿನ್ನಿನಲ್ಲಿ ಹಿಂಡಿ ತೆಗೆದ ತೆಳು ಬಟ್ಟೆಯನ್ನು, ಗಾಳಿಯಾಡುವ ಜಗಲಿಯಲ್ಲೋ ಬೇರೊಂದು ಕೋಣೆಯಲ್ಲೋ ಹಗ್ಗದ ಮೇಲೆ ಬಿಡಿಸಿ ಹರವಿ, ಫ್ಯಾನ್ ಹಾಕಿದರೆ ಒಂದು ರಾತ್ರಿಯಲ್ಲಿ ಬಹುಪಾಲು ಒಣಗುತ್ತದೆ. ಉಳಿದ ಹಸಿಯನ್ನು ಇಸ್ತ್ರಿ ಪೆಟ್ಟಿಗೆ ತೆಗೆಯುತ್ತದೆ. ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ಅಂಗೈಯನ್ನು ನಂಬಬೇಡಿ. ಮಡಿಸುವ ಮುಂಚೆ ಹೊಲಿಗೆಯ ಅಂಚನ್ನು ನಿಮ್ಮ ಕೆನ್ನೆಗೆ ಒತ್ತಿ ನೋಡಿ. ತಣ್ಣಗನಿಸಿದರೆ ಇನ್ನೂ ಹಸಿಯಿದೆ. ಕರಿ ಚುಕ್ಕೆ ಬಿದ್ದ ಬಟ್ಟೆಯನ್ನು ನೆಲ ಒರೆಸಲು ಇಟ್ಟುಕೊಳ್ಳಿ.

ಕರೆಂಟಿನ ಮಾತು ಎತ್ತುತ್ತೀರಿ, ಗೊತ್ತು. ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟು ಹೋಗುವ ಊರುಗಳು ಅವು. ಅಂಥ ದಿನಗಳಿಗಾಗಿ ಎರಡು ಪೊಟ್ಟಣ ಬಿಸಾಡುವ ಡೈಪರ್ ತಂದಿಟ್ಟುಕೊಳ್ಳಿ, ಅಪರಾಧಿ ಭಾವ ಖಂಡಿತ ಬೇಡ. ಬಟ್ಟೆಯನ್ನೇ ಬಳಸಬೇಕೆಂಬ ನಿಮ್ಮ ಆಸೆ ನನಗೆ ಇಷ್ಟವಾಯಿತು. ಆದರೆ ಆ ಆಸೆಗೆ ಬೆನ್ನು ಬಗ್ಗಿಸಿ ದುಡಿಯುವವರು ಯಾರು ಎಂಬುದನ್ನೂ ನೋಡಬೇಕು. ಬಾಣಂತಿಯನ್ನು ಯಾರೂ ನೀರಿಗೆ ಬಿಡುವುದಿಲ್ಲ. ದಿನಕ್ಕೆ ಹದಿನಾರು ಲಂಗೋಟಿ, ಜೊತೆಗೆ ಹಾಸುಬಟ್ಟೆ, ನಿಮ್ಮ ಸೀರೆ, ಎಲ್ಲವೂ ನಿಮ್ಮ ಅಮ್ಮನ ಪಾಲಿಗೆ, ಜುಲೈ ತಿಂಗಳ ಕೊರೆಯುವ ನೀರಿನಲ್ಲಿ. ಅಮ್ಮನಿಗೆ ಮಂಡಿನೋವಿದೆಯೇ ಎಂದು ಕೇಳಿದ್ದೀರಾ? ನಿಮ್ಮ ಯಜಮಾನರು ರಜೆ ಹಾಕಿ ಬರುವ ದಿನಗಳಲ್ಲಿ ಬಟ್ಟೆ ಒಗೆಯುವ, ಒಣಹಾಕುವ, ಮಡಿಸುವ ಕೆಲಸ ಅವರದೇ ಎಂದು ಈಗಲೇ ಗೊತ್ತುಮಾಡಿ. ಉಳಿದ ದಿನಗಳಿಗೆ ಕೆಲಸದವರು ಸಿಗುತ್ತಾರೆಯೇ ನೋಡಿ. ರಾತ್ರಿಗೆ ಒಂದು ಬಿಸಾಡುವ ಡೈಪರ್ ಹಾಕಿದರೆ ಮೂರು ನಾಲ್ಕು ಬಟ್ಟೆ ಉಳಿಯುತ್ತವೆ, ನಿಮಗೂ ಅಮ್ಮನಿಗೂ ತುಸು ನಿದ್ದೆ ಸಿಗುತ್ತದೆ. ಕಕ್ಕ ಮಾಡಿದ ಕೂಡಲೇ ಬದಲಿಸಿ, ಇಲ್ಲವಾದರೆ ಹಾಕಿ ಮೂರು ನಾಲ್ಕು ಗಂಟೆಯಾದ ಮೇಲೆ ತೆಗೆಯಿರಿ. ಬಳಸಿದ್ದನ್ನು ಹಳ್ಳಕ್ಕೆ ಎಸೆಯಬೇಡಿ, ಒಲೆಗೂ ಹಾಕಬೇಡಿ. ಕಾಗದದಲ್ಲಿ ಸುತ್ತಿ ಕಸದ ಗಾಡಿ ಬರುವ ಪೇಟೆಗೆ ಒಯ್ಯಬೇಕು. ಬೆಂಗಳೂರಿನಲ್ಲಾದರೆ ಕಾಗದದಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡುವ ಕ್ರಮ ನಿಮಗೆ ಗೊತ್ತೇ ಇದೆ.

ಪಾಕೆಟ್ ಡೈಪರ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನಮ್ಮಲ್ಲಿ ಬಹಳ ಮಕ್ಕಳು ಎರಡೂವರೆಯಿಂದ ಮೂರು ಕಿಲೋ ತೂಕದಲ್ಲಿ ಹುಟ್ಟುತ್ತವೆ. "ಹುಟ್ಟಿದಂದಿನಿಂದ ಎರಡು ವರ್ಷದವರೆಗೆ ಒಂದೇ ಅಳತೆ" ಎಂದು ಮಾರುವ ಡೈಪರ್ ಇಷ್ಟು ಸಣ್ಣ ಕೂಸಿನ ತೊಡೆಗೆ ಕೂರುವುದಿಲ್ಲ. ಸಂದಿನಿಂದ ಎಲ್ಲ ಸೋರುತ್ತದೆ. ಮಗು ಐದು ಕಿಲೋ ದಾಟಿ ನೀವು ಬೆಂಗಳೂರಿಗೆ ಮರಳುವ ಹೊತ್ತಿಗೆ ಅವು ನಿಜವಾಗಿ ಉಪಯೋಗಕ್ಕೆ ಬರುತ್ತವೆ. ಆಗ ಬೇರೆ ಬೇರೆ ಬಗೆಯ ಮೂರು ನಾಲ್ಕನ್ನು ತಂದು ನೋಡಿ, ಹೊಂದಿದ್ದನ್ನು ಮಾತ್ರ ಹೆಚ್ಚಿಗೆ ಕೊಳ್ಳಿ. ಒಳಗಿನ ಪಟ್ಟಿ ಮೈಕ್ರೋಫೈಬರಿನದಾದರೆ ಅದು ನೇರವಾಗಿ ಚರ್ಮಕ್ಕೆ ತಾಗಬಾರದು; ಚರ್ಮದ ಪಸೆಯನ್ನೂ ಹೀರಿ ಒಡೆಯುವಂತೆ ಮಾಡುತ್ತದೆ. ಲಂಗೋಟಿಯ ಮೇಲೆ ಪ್ಲಾಸ್ಟಿಕ್ ಚಡ್ಡಿ ಹಾಕಿ ಇಡೀ ದಿನ ಬಿಡುವುದಂತೂ ಬೆವರಿಗೂ ಬೊಬ್ಬೆಗೂ ಆಹ್ವಾನ. ಅದರ ಬದಲು ಕೆಳಗೆ ರಬ್ಬರ್ ಶೀಟು, ಅದರ ಮೇಲೆ ನಾಲ್ಕು ಪದರದ ಹಾಸುಬಟ್ಟೆ. ಇಂಥ ಹಾಸು 18–20 ಇರಲಿ, ಹಳೆಯ ಬೆಡ್‌ಶೀಟಿನಿಂದ ಆಗುತ್ತದೆ.

ಕಟ್ಟುವ ಕ್ರಮ ನಿಮ್ಮ ಅಮ್ಮನಿಗೆ ಗೊತ್ತಿರುತ್ತದೆ. ಮೂರು ಮಾತನ್ನಷ್ಟೇ ಸೇರಿಸುತ್ತೇನೆ. ಹೊಕ್ಕುಳ ಬಳ್ಳಿ ಒಣಗಿ ಬೀಳುವವರೆಗೆ, ಸಾಮಾನ್ಯವಾಗಿ 5ರಿಂದ 15 ದಿನ, ಲಂಗೋಟಿಯ ಅಂಚು ಹೊಕ್ಕುಳಿನ ಕೆಳಗೇ ಇರಬೇಕು. ಉಚ್ಚೆ ತಾಗಿ ಒದ್ದೆಯಾದರೆ ಸೋಂಕು ತಗುಲುತ್ತದೆ. ಹೊಕ್ಕುಳಿಗೆ ಎಣ್ಣೆ, ಅರಿಶಿನ, ಪೌಡರ್, ಬೂದಿ ಯಾವುದೂ ಬೇಡ. ಎರಡನೆಯದು, ಕಾಲು ನೆಟ್ಟಗಾಗಲಿ ಎಂದು ಎರಡೂ ಕಾಲನ್ನು ಚಾಚಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವುದು. ಹುಟ್ಟಿದ ಮಗುವಿನ ಕಾಲು ಕಪ್ಪೆಯ ಕಾಲಿನ ಹಾಗೆ ಮಡಿಚಿ ಅಗಲವಾಗಿಯೇ ಇರಬೇಕು. ಬಲವಂತವಾಗಿ ಚಾಚಿಸಿ ಕಟ್ಟಿದರೆ ಸೊಂಟದ ಕೀಲು ಗುಣಿಯಿಂದ ಸರಿಯುವ ಸಂಭವವಿದೆ. ಕಾಲು ಕೆಳಗಾಗಿ ಹುಟ್ಟಿದ ಮಕ್ಕಳಲ್ಲಿ, ಹೆಣ್ಣುಮಕ್ಕಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಕೈ, ಎದೆಯ ಸುತ್ತ ಬೆಚ್ಚಗೆ ಸುತ್ತಿ, ಸೊಂಟದಿಂದ ಕೆಳಗೆ ಸಡಿಲ ಬಿಡಿ. ಮಡಿಸಿದ ಲಂಗೋಟಿ ಕಾಲುಗಳ ನಡುವೆ ಇರುವುದು ಈ ದೃಷ್ಟಿಯಿಂದ ಒಳ್ಳೆಯದೇ. ಮೂರನೆಯದು, ಉಡಿದಾರ. ಕಟ್ಟುವುದಾದರೆ ಎರಡು ಬೆರಳು ಆಡುವಷ್ಟು ಸಡಿಲವಿರಲಿ. ಒದ್ದೆ ದಾರ ಸೊಂಟದ ಮಡಿಕೆಯಲ್ಲಿ ಕೂತು ಚರ್ಮ ಸುಲಿಯುತ್ತದೆ, ಸ್ನಾನದ ನಂತರ ಒರೆಸಿ ಒಣಗಿಸಬೇಕು. ಪಿನ್ನು ಬೇಡ, ಗಂಟು ಸಾಕು.

ಅಂಗಿಗಳ ವಿಷಯದಲ್ಲಿ ಅಂಗಡಿಯವರ ಉತ್ಸಾಹಕ್ಕೆ ಬಲಿಯಾಗಬೇಡಿ. ಮುಂದೆ ದಾರ ಕಟ್ಟುವ, ಮೆದು ಮಲ್ ಬಟ್ಟೆಯ ಜಬಲಾ ಹತ್ತು ಹನ್ನೆರಡು ಸಾಕು. ತಲೆಯ ಮೇಲಿಂದ ತೂರಿಸುವ ಅಂಗಿ ಮೊದಲ ತಿಂಗಳು ಮಗುವಿಗೂ ಹಿಂಸೆ, ತೊಡಿಸುವವರಿಗೂ ಹಿಂಸೆ. ಕಟ್ಟುವ ದಾರ ಗೇಣುದ್ದ ದಾಟಬಾರದು, ಕತ್ತಿನ ಬಳಿ ದಾರವೇ ಬೇಡ. ಕುಲಾವಿ ಮೂರು, ಕಾಲುಚೀಲ ನಾಲ್ಕು ಜೊತೆ. ಬಳಸುವ ಮುಂಚೆ ಒಳಮಗ್ಗುಲು ಹೊರಗೆ ತಿರುಗಿಸಿ ಬಿಟ್ಟ ಎಳೆಗಳನ್ನು ಕತ್ತರಿಸಿ. 12 ಜೊತೆ ಕೈಗವಸು ಏತಕ್ಕೆ? ಮಗು ಹಸಿದಾಗ ಮೊದಲು ಮಾಡುವುದು ಕೈಯನ್ನು ಬಾಯಿಗೆ ಒಯ್ಯುವುದು. ಆ ಸೂಚನೆಯನ್ನೇ ಮುಚ್ಚಿಹಾಕಿದರೆ ಅತ್ತ ಮೇಲಷ್ಟೇ ನಿಮಗೆ ತಿಳಿಯುತ್ತದೆ. ಉಗುರು ಕತ್ತರಿಸಿದರಾಯಿತು. ಸುತ್ತುವ ಮೆದು ಬಟ್ಟೆ ಎಂಟು, ಹೊದಿಸಲು ಒಂದೆರಡು ತೆಳು ದುಪ್ಪಟಿ. ಉತ್ತರ ಕರ್ನಾಟಕದ ಕಡೆಯಿಂದ ಯಾರಾದರೂ ಖಣದ ಕುಂಚಿಗೆ ಹೊಲಿಸಿ ಕಳಿಸಿದರೆ ಸಂತೋಷದಿಂದ ಇಟ್ಟುಕೊಳ್ಳಿ. ಹೊರಗೆ ಕರೆದೊಯ್ಯುವಾಗ ತಲೆ ಬೆನ್ನು ಎರಡನ್ನೂ ಮುಚ್ಚುವ, ಸೊಗಸಾದ ಉಡುಪು ಅದು.

ಎಷ್ಟು ಪದರ ತೊಡಿಸಬೇಕು ಎಂಬ ಗೊಂದಲ ಎಲ್ಲ ತಾಯಂದಿರದ್ದೂ. ಆ ಹವೆಯಲ್ಲಿ ನಿಮಗೆ ಹಿತವೆನಿಸುವುದಕ್ಕಿಂತ ಒಂದು ಪದರ ಹೆಚ್ಚು. ಮಗುವಿನ ಅಂಗಾಲು ಮತ್ತು ಹೊಟ್ಟೆ ಎರಡನ್ನೂ ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಇನ್ನೊಂದು ಹೊದಿಕೆ ಬೇಕು, ಅಥವಾ ಎದೆಗಪ್ಪಿಕೊಳ್ಳಿ. ತಾಯಿಯ ಮೈಶಾಖಕ್ಕೆ ಸಮನಾದ ಸ್ವೆಟರ್ ಇಲ್ಲ. ಹೊಟ್ಟೆಯೂ ತಣ್ಣಗಿದ್ದರೆ ಅದು ಆಸ್ಪತ್ರೆಗೆ ಬರಬೇಕಾದ ವಿಷಯ. ಕತ್ತು ಬೆವರಿದ್ದರೆ ಒಂದು ಪದರ ತೆಗೆಯಿರಿ. ಮಳೆಗಾಲವೆಂದು ಸ್ವೆಟರ್, ಟೋಪಿ, ಕಂಬಳಿ ಒಟ್ಟಿಗೇ ಹೊದಿಸಿ, ಮಗು ಕಾದು, ಜ್ವರವೆಂದು ಹೊತ್ತುತರುವವರು ಕಡಿಮೆಯಿಲ್ಲ.

ಆಸ್ಪತ್ರೆಗೆ ಒಯ್ಯುವ ಚೀಲದಲ್ಲಿ ಇವುಗಳಲ್ಲಿ ಹತ್ತು ಹನ್ನೆರಡು ಲಂಗೋಟಿ, ನಾಲ್ಕು ಜಬಲಾ, ಎರಡು ಕುಲಾವಿ, ಮತ್ತು ನಾಲ್ಕು ದೊಡ್ಡ ಮೆದು ಬಟ್ಟೆ ಇರಲಿ. ಹುಟ್ಟಿದ ಕೂಡಲೇ ಮೈ ಒರೆಸಲು ಒಂದು, ಅದು ಒದ್ದೆಯಾದ ಮೇಲೆ ಸುತ್ತಲು ಇನ್ನೊಂದು; ಒದ್ದೆ ಬಟ್ಟೆಯಲ್ಲೇ ಸುತ್ತಿದರೆ ಮಗು ನಿಮಿಷಗಳಲ್ಲಿ ತಣ್ಣಗಾಗುತ್ತದೆ. ಮೊದಲ ಸ್ನಾನಕ್ಕೆ ಅವಸರ ಬೇಡ, 24 ಗಂಟೆಯಾದರೂ ಕಳೆಯಲಿ. ನಿಮ್ಮದೇ ಬಟ್ಟೆಗಳನ್ನು ಮರೆಯಬೇಡಿ: ಮುಂದೆ ತೆರೆಯುವ ನೈಟಿ, ಪ್ಯಾಡು, ಎದೆ ಒರೆಸಲು ಸಣ್ಣ ಚೌಕಗಳು.

ಬಿಳಿ ಬಟ್ಟೆ ಬೇಕೆಂದಿದ್ದೆನಲ್ಲ, ಅದಕ್ಕೆ ಈಗ ಬರುತ್ತೇನೆ. ಬಟ್ಟೆಯ ಲಂಗೋಟಿಯನ್ನು ನಾನು ಮೊದಲ ಒಂದೆರಡು ತಿಂಗಳು ಇಷ್ಟು ಒತ್ತಿ ಹೇಳುವುದು ಖರ್ಚಿಗಾಗಿಯೋ ಪರಿಸರಕ್ಕಾಗಿಯೋ ಮಾತ್ರವಲ್ಲ. ಬಿಸಾಡುವ ಡೈಪರ್ ಉಚ್ಚೆಯನ್ನು ಒಳಗೆಳೆದು ಬಚ್ಚಿಡುತ್ತದೆ. ಬಟ್ಟೆ ಅದನ್ನು ನಿಮ್ಮ ಕಣ್ಣಿಗೆ ತೋರಿಸುತ್ತದೆ. ಐದನೆಯ ದಿನದ ನಂತರ 24 ಗಂಟೆಯಲ್ಲಿ ಕನಿಷ್ಠ ಆರು ಬಟ್ಟೆ ಚೆನ್ನಾಗಿ ಒದ್ದೆಯಾದರೆ ಮಗುವಿಗೆ ಹಾಲು ಸಾಲುತ್ತಿದೆ ಎಂದು ನೆಮ್ಮದಿಯಿಂದಿರಬಹುದು. "ಹಾಲು ಸಾಲುತ್ತಿಲ್ಲ, ಡಬ್ಬಿ ಹಾಲು ಕೊಡಿ" ಎಂದು ನೆಂಟರು ಹೇಳಿದಾಗ ಆ ಒದ್ದೆ ಬಟ್ಟೆಗಳೇ ನಿಮ್ಮ ಉತ್ತರ. ಮೊದಲೆರಡು ಮೂರು ದಿನ ಇಟ್ಟಿಗೆಪುಡಿ ಬಣ್ಣದ ಕಲೆ ಕಾಣಬಹುದು. ಅದು ಮೂತ್ರದ ಯೂರೇಟ್ ಹರಳು. ನಾಲ್ಕು ದಿನ ಕಳೆದರೂ ಹೋಗದಿದ್ದರೆ ಹಾಲು ಕಡಿಮೆಯಾಗುತ್ತಿದೆ ಎಂದು ತಿಳಿದು ಬಂದು ತೋರಿಸಿ. ಹೆಣ್ಣುಮಗುವಿನ ಲಂಗೋಟಿಯಲ್ಲಿ ಮೊದಲ ವಾರ ತುಸು ಬಿಳಿ ಲೋಳೆ, ಒಂದೆರಡು ಹನಿ ರಕ್ತ ಕಂಡರೆ ಭಯಬೇಡ. ತಾಯಿಯ ಹಾರ್ಮೋನುಗಳು ಮಗುವಿನ ಮೈಯಿಂದ ಇಳಿಯುವಾಗ ಹಾಗಾಗುತ್ತದೆ.

ಕಕ್ಕ ಮೊದಲು ಕಪ್ಪು ಹಸಿರು, ಅಂಟಂಟು. ಮೊದಲ ಲಂಗೋಟಿಗಳನ್ನು ಕಟ್ಟುವ ಮುಂಚೆ ಮಗುವಿನ ಕುಂಡೆಯ ಚರ್ಮಕ್ಕೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿದ್ದರೆ ಒರೆಸಲು ಸುಲಭ. ನಾಲ್ಕೈದು ದಿನಕ್ಕೆ ಅದು ಹಳದಿಗೆ ತಿರುಗುತ್ತದೆ. ಹಳದಿ, ಹಸಿರು, ಕಂದು ಯಾವುದಾದರೂ ಸರಿ. ಆದರೆ ಬಣ್ಣ ಬಿಳಿಚಿಕೊಂಡು ಬೂದುಬಿಳಿಯಾದರೆ, ಜೊತೆಗೆ ಉಚ್ಚೆ ಬಿಳಿ ಬಟ್ಟೆಯ ಮೇಲೆ ಗಾಢ ಹಳದಿ ಕಲೆ ಬಿಡುತ್ತಿದ್ದರೆ, ಒಂದು ದಿನವೂ ತಡಮಾಡಬೇಡಿ. ಹಸುಗೂಸಿನ ಉಚ್ಚೆಗೆ ಬಣ್ಣವಿರಬಾರದು. ಇದು ಪಿತ್ತನಾಳ ಮುಚ್ಚಿಕೊಂಡಿರುವ ಬಿಲಿಯರಿ ಅಟ್ರೇಸಿಯಾ ಎಂಬ ಕಾಯಿಲೆಯ ಲಕ್ಷಣವಾಗಿರಬಹುದು. ಮಗು ನೋಡಲು ಗುಂಡಗೆ, ಲಕ್ಷಣವಾಗಿಯೇ ಇರುತ್ತದೆ. "ಕಾಮಾಲೆ, ಬಿಸಿಲಿಗೆ ಹಿಡಿದರೆ ಹೋಗುತ್ತದೆ" ಎಂದು ವಾರಗಳು ಕಳೆದುಹೋಗುತ್ತವೆ. ಇದಕ್ಕೆ ಮಾಡುವ ಕಸಾಯ್ ಎಂಬ ಹೆಸರಿನ ಶಸ್ತ್ರಚಿಕಿತ್ಸೆ 60 ದಿನದೊಳಗೆ ಆದರೆ ಫಲ ಹೆಚ್ಚು, ತಡವಾದಷ್ಟೂ ಯಕೃತ್ತು ಉಳಿಯುವ ಆಸೆ ಕಡಿಮೆ. ಈ ಕಾಯಿಲೆ ಅಪರೂಪ. ಆದರೂ ಎರಡು ವಾರ ದಾಟಿದ ಮೇಲೂ ಕಣ್ಣು ಹಳದಿಯಿರುವ ಪ್ರತಿ ಮಗುವಿನ ತಾಯಿಯನ್ನೂ ನಾನು ಕೇಳುವ ಮೊದಲ ಪ್ರಶ್ನೆ ಲಂಗೋಟಿಯ ಬಣ್ಣದ್ದೇ.

ಅಲ್ಲಲ್ಲಿ ಕೆಂಪಾದ ಚರ್ಮಕ್ಕೆ ಔಷಧಿ ಅಂಗಡಿಗೆ ಓಡುವ ಮುಂಚೆ ದಿನಕ್ಕೆ ಎರಡು ಮೂರು ಸಲ ಅರ್ಧ ಗಂಟೆ ಲಂಗೋಟಿಯಿಲ್ಲದೆ ಗಾಳಿಗೆ ಬಿಡಿ, ಝಿಂಕ್ ಆಕ್ಸೈಡ್ ಇರುವ ಮುಲಾಮು ದಪ್ಪಗೆ ಹಚ್ಚಿ. ಮಡಿಕೆಗಳ ಒಳಗೂ ಕೆಂಪಾಗಿ, ಸುತ್ತ ಸಣ್ಣ ಸಣ್ಣ ಕೆಂಪು ಗುಳ್ಳೆ ಎದ್ದಿದ್ದರೆ ಅದು ಶಿಲೀಂಧ್ರದ ಸೋಂಕು. ಅದಕ್ಕೆ ಬೇರೆ ಮುಲಾಮು ಬೇಕು, ತೋರಿಸಿಯೇ ತೆಗೆದುಕೊಳ್ಳಿ. ಪೌಡರ್ ಹಾಕಬೇಡಿ, ಅದರ ಧೂಳು ಮಗುವಿನ ಉಸಿರಿಗೆ ಹೋಗುತ್ತದೆ.

ಅತ್ತೆಯವರ ಮಾತು ಉಳಿಯಿತು. ನಾಮಕರಣದವರೆಗೆ ಕೂಸಿಗೆ ಹೊಸ ಬಟ್ಟೆ ತೊಡಿಸಬಾರದು, ಹುಟ್ಟುವ ಮುನ್ನ ಏನೂ ಕೊಳ್ಳಬಾರದು ಎಂಬ ನಂಬಿಕೆ ನಮ್ಮ ಅನೇಕ ಮನೆಗಳಲ್ಲಿದೆ. ಎಷ್ಟೋ ಕೂಸುಗಳು ಉಳಿಯದಿದ್ದ ಕಾಲವನ್ನು ಕಂಡವರ ಅಂಜಿಕೆ ಅದರ ಹಿಂದಿದೆ. ಅದರ ಜೊತೆ ವಾದಿಸಬೇಡಿ, ವಾದಿಸುವ ಅಗತ್ಯವೂ ನಿಮಗೆ ಬೀಳುವುದಿಲ್ಲ. ಮೇಲೆ ಹೇಳಿದ್ದರಲ್ಲಿ ಹೆಚ್ಚಿನದೆಲ್ಲ ಮನೆಯ ಹಳೆಯ ಬಟ್ಟೆ. ಜಬಲಾ, ಕುಲಾವಿಗಳನ್ನು ಅಕ್ಕನ ಮಕ್ಕಳದ್ದೋ ನಾದಿನಿಯ ಮಕ್ಕಳದ್ದೋ ಕೇಳಿ ತನ್ನಿ. ಒಂದೆರಡು ಸೀರೆಯನ್ನು ಅತ್ತೆಯವರ ಬಳಿಯೇ ಕೇಳಿ; ನುಸಿಗುಳಿಗೆಯ ವಿಷಯ ಅವರಿಗೂ ಹೇಳಿ. ವಾಷಿಂಗ್ ಮಷೀನು, ಬಕೆಟ್ಟು, ಹಗ್ಗ ಮನೆಗೆ ತರುವಂಥವು. ರಬ್ಬರ್ ಶೀಟನ್ನು ಹೆರಿಗೆಯ ದಿನ ನಿಮ್ಮ ಯಜಮಾನರು ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ತರಲಿ.

ಮನೆಗೆ ಹೋದ ಮೇಲೆ ಬಣ್ಣದ ಬಗ್ಗೆಯೋ ಕಲೆಯ ಬಗ್ಗೆಯೋ ಅನುಮಾನ ಬಂದರೆ ಆ ಲಂಗೋಟಿಯನ್ನು ಒಗೆಯಬೇಡಿ. ಹಗಲು ಬೆಳಕಿನಲ್ಲಿ ಮೊಬೈಲಿನಲ್ಲಿ ಒಂದು ಫೋಟೊ ತೆಗೆದು, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಗುವಿನ ಜೊತೆಗೇ ತನ್ನಿ. ಮುಜುಗರಪಡಬೇಡಿ, ನಾವು ಅದನ್ನು ಬಿಚ್ಚಿ ನೋಡಿಯೇ ನೋಡುತ್ತೇವೆ.